ಮುಸುರೆಗೆ ಅವಸರ, ಹುಲ್ಲಿಗೆ ಸೋಮಾರಿತನ: ಡೈಜೆಸ್ಟರ್ ನಡೆಸೋರ ಮಾತು

ಮನೇಲಿ ಡೈಜೆಸ್ಟರ್, ಅಂದ್ರೆ ಮುಸುರೆ ಸಗಣಿ ಕೊಳೆಸಿ ಬಯೋಗ್ಯಾಸ್ ಮಾಡೋ ಮುಚ್ಚಿದ ಟ್ಯಾಂಕ್, ಇದೆ ಅಂತ ಗೊತ್ತಾದ ತಕ್ಷಣ ಜನ ಕೇಳೋದು ಎರಡೇ, ಗ್ಯಾಸ್ ಎಷ್ಟು ಬರುತ್ತೆ, ವಾಸನೆ ಬರಲ್ವಾ ಅಂತ. ದಿನಾ ಅದರ ಬಾಯಿಗೆ ಏನು ಹಾಕ್ತೀರಿ, ಎಷ್ಟು ಹಾಕ್ತೀರಿ ಅಂತ ಕೇಳೋರು ಅಪರೂಪ. ನನ್ನ ಕೇಳಿದ್ರೆ ಈ ಗ್ಯಾಸ್ ವ್ಯವಹಾರದ ಮುಕ್ಕಾಲು ಪಾಲು ಇರೋದೇ ಅಲ್ಲಿ. ಟ್ಯಾಂಕ್ ಸಿಮೆಂಟಿಂದಾ ಪ್ಲಾಸ್ಟಿಕ್ಕಿಂದಾ, ಗ್ಯಾಸ್ ಹಿಡಿಯೋಕೆ ಮೇಲೆ ಡ್ರಮ್ ತೇಲುತ್ತಾ ಬಲೂನ್ ಉಬ್ಬುತ್ತಾ, ಇವೆಲ್ಲ ಆಮೇಲಿನ ಮಾತು. ಅಡುಗೆಮನೆ ಮುಸುರೆ ಒಂಥರಾ, ಹೊಲದ ಹುಲ್ಲು ದಂಟು ಇನ್ನೊಂಥರಾ, ಒಂದಕ್ಕೆ ವಿಪರೀತ ಅವಸರ, ಇನ್ನೊಂದಕ್ಕೆ ಎಬ್ಬಿಸಿದ್ರೂ ಏಳದಷ್ಟು ಸೋಮಾರಿತನ, ಯಾವುದಾದ್ರೂ ಒಂದನ್ನೇ ನಂಬ್ಕೊಂಡು ಕೂತ್ರೆ ಎರಡೂ ಕೈ ಕೊಡ್ತವೆ, ಕೊಡೋ ರೀತಿ ಮಾತ್ರ ಬೇರೆ.

ಯಾಕೆ ಹಂಗೆ ಅಂತ ಹೇಳ್ಬೇಕಂದ್ರೆ ಒಳಗೆ ಏನು ನಡೀತಿದೆ ಅಂತ ಸ್ವಲ್ಪ ನೋಡ್ಬೇಕು. ಗಾಳಿ ಇಲ್ಲದ ಜಾಗದಲ್ಲಿ ಕೊಳೆತ ವಸ್ತು ಉರಿಯೋ ಗ್ಯಾಸ್ ಕೊಡುತ್ತೆ ಅನ್ನೋದು ಹಳೇ ಸಂಗತಿನೇ, 1776ರಲ್ಲಿ ವೋಲ್ಟಾ ಇಟಲಿಯ ಮಜ್ಜೋರೆ ಸರೋವರದ ಅಂಚಲ್ಲಿ ಕೋಲು ಹಾಕಿ ಕೆಸರು ಕೆದಕಿ, ಮೇಲೆ ಬಂದ ಗುಳ್ಳೆಗಳನ್ನ ಬಾಟ್ಲಿಲಿ ಹಿಡಿದು ಹಚ್ಚಿ ನೋಡಿದ್ದ. ಹೌದು, ಬ್ಯಾಟರಿ ಮಾಡಿದ ಅದೇ ವೋಲ್ಟಾ. ಆದ್ರೆ ಆ ಗ್ಯಾಸ್ ಮಾಡೋರು ಯಾರು ಅಂತ ಸರಿಯಾಗಿ ಗೊತ್ತಾಗೋಕೆ ಇನ್ನೂ 200 ವರ್ಷ ಬೇಕಾಯ್ತು. 1977ರಲ್ಲಿ ಕಾರ್ಲ್ ವೋಸ್ ಮತ್ತೆ ಜಾರ್ಜ್ ಫಾಕ್ಸ್ ಅನ್ನೋ ವಿಜ್ಞಾನಿಗಳು, ಈ ಉರಿಯೋ ಗ್ಯಾಸ್ ಅಂದ್ರೆ ಮೀಥೇನ್ ಮಾಡೋ ಜೀವಿಗಳು ಬ್ಯಾಕ್ಟೀರಿಯಾನೇ ಅಲ್ಲ, ಬೇರೇದೇ ಒಂದು ವಂಶ ಅಂತ ತೋರಿಸಿದ್ರು, ಈಗ ಅವಕ್ಕೆ ಆರ್ಕಿಯಾ ಅಂತಾರೆ.

ಈ ಆರ್ಕಿಯಾಗಳಿಗೆ ನಾವು ಹಾಕಿದ ಸಿಪ್ಪೆ, ಹಳಸಿದ ಊಟ ಯಾವುದನ್ನೂ ನೇರವಾಗಿ ತಿನ್ನೋಕೆ ಬರಲ್ಲ. ಮೊದಲು ಬೇರೆ ಬ್ಯಾಕ್ಟೀರಿಯಾಗಳು ಪಿಷ್ಟ, ಪ್ರೋಟೀನ್, ಕೊಬ್ಬನ್ನ ಒಡೆದು ಕರಗಿಸ್ಬೇಕು, ಆಮೇಲೆ ಇನ್ನೊಂದು ಗುಂಪು ಅದನ್ನ ಆಸಿಡ್ ಮಾಡ್ಬೇಕು, ಆ ದೊಡ್ಡ ಆಸಿಡ್‌ಗಳನ್ನ ಮತ್ತೊಂದು ಗುಂಪು ಅಸಿಟಿಕ್ ಆಸಿಡ್ ಮತ್ತೆ ಹೈಡ್ರೋಜನ್ನಿಗೆ ಇಳಿಸ್ಬೇಕು, ಕೊನೇಲಿ ಈ ಆರ್ಕಿಯಾಗಳ ಸರದಿ. ಸಾಮಾನ್ಯ ಡೈಜೆಸ್ಟರಲ್ಲಿ ಬರೋ ಮೀಥೇನಿನ ಮೂರನೇ ಎರಡು ಪಾಲಿನಷ್ಟು ಈ ಅಸಿಟಿಕ್ ಆಸಿಡ್ಡಿಂದಾನೇ ಬರುತ್ತೆ, ವಿನೆಗರಲ್ಲಿ ಇರೋದೂ ಅದೇ ಆಸಿಡ್ಡು. ಈಗ ತೊಂದರೆ ಎಲ್ಲಿ ಅಂದ್ರೆ, ಆಸಿಡ್ ಮಾಡೋರ ಸಂಖ್ಯೆ ಗಂಟೆಗಳ ಲೆಕ್ಕದಲ್ಲಿ ದುಪ್ಪಟ್ಟಾಗುತ್ತೆ, ಆಸಿಡ್ ತಿನ್ನೋರಿಗೆ ಅದಕ್ಕೆ ಕೆಲವು ದಿನಗಳೇ ಬೇಕು. ಒಂದು ಕಡೆ ಹತ್ತು ಜನ ಇಟ್ಟಿಗೆ ತಂದು ಸುರೀತಿದಾರೆ, ಗೋಡೆ ಕಟ್ಟೋನು ಒಬ್ಬನೇ ಇದಾನೆ ಅಂದ್ರೆ ಏನಾಗುತ್ತೋ ಅದೇ ಆಗೋದು. ಆಸಿಡ್ ರಾಶಿ ಬೀಳುತ್ತೆ, ಆ ಆಸಿಡ್ಡೇ ಅದನ್ನ ತಿನ್ನಬೇಕಾದೋರನ್ನ ಇನ್ನಷ್ಟು ಸುಸ್ತು ಮಾಡುತ್ತೆ, ಆಮೇಲೆ ಇಡೀ ಟ್ಯಾಂಕ್ ಹುಳಿ.

ಮುಸುರೆ ಈ ಹುಳಿ ಹಿಡಿಯೋ ಕಾಯಿಲೆಗೆ ಹೇಳಿ ಮಾಡಿಸಿದ ವಸ್ತು. ಬೇಯಿಸಿದ ಊಟ, ಮೆತ್ತಗಾದ ಹಣ್ಣು, ತರಕಾರಿ ತುಂಡು, ಎಲ್ಲ ಅರ್ಧ ಜೀರ್ಣ ಆದಂಗೇ ಇರುತ್ತೆ, ಒಡೆಯೋಕೆ ಏನೂ ಕಷ್ಟ ಇಲ್ಲ. ಅದೇ ಅದರ ಶಕ್ತಿನೂ ಹೌದು. ಒಂದು ಕೆಜಿ ಹಸಿ ಸಗಣಿ ಸುಮಾರು 40 ಲೀಟರ್ ಗ್ಯಾಸ್ ಕೊಟ್ರೆ ಒಂದು ಕೆಜಿ ಊಟದ ತ್ಯಾಜ್ಯ 100 ಲೀಟರ್ ಅಥವಾ ಅದಕ್ಕೂ ಜಾಸ್ತಿ ಕೊಡುತ್ತೆ. ಇದನ್ನ ಕೇಳಿ ತುಂಬಾ ಜನಕ್ಕೆ ಆಶ್ಚರ್ಯ, ಗೋಬರ್ ಗ್ಯಾಸ್ ಅಂತಾನೇ ಹೆಸರಿದ್ಮೇಲೆ ಸಗಣಿನೇ ದೊಡ್ಡದಿರಬೇಕಲ್ವಾ ಅಂತ. ಯೋಚನೆ ಮಾಡಿದ್ರೆ ಗೊತ್ತಾಗುತ್ತೆ, ಸಗಣಿ ಅಂದ್ರೆ ದನ ತನಗೆ ಬೇಕಾಗಿದ್ದನ್ನೆಲ್ಲ ಹೀರ್ಕೊಂಡು ಉಳಿಸಿದ್ದು. ಅಷ್ಟೇ ಅಲ್ಲ, ದನದ ಹೊಟ್ಟೆ ಒಳಗೂ ಇದೇ ಮೀಥೇನ್ ಮಾಡೋ ಜೀವಿಗಳು ಇದಾವೆ, ಒಂದಷ್ಟು ಗ್ಯಾಸ್ ಆಗಲೇ ತೇಗಲ್ಲಿ ಹೊರಟುಹೋಗಿರುತ್ತೆ.

ಲೆಕ್ಕ ಹಾಕೋಣ. ಅಡುಗೆ ಒಲೆ ಒಂದು ಗಂಟೆಗೆ ಸುಮಾರು 300ರಿಂದ 450 ಲೀಟರ್ ಬಯೋಗ್ಯಾಸ್ ಕುಡಿಯುತ್ತೆ. ದಿನಕ್ಕೆ 5 ಕೆಜಿ ಮುಸುರೆ ಹಾಕಿದ್ರೆ 500 ಲೀಟರ್ ಹತ್ರ ಗ್ಯಾಸ್, ಅಂದ್ರೆ ಒಂದು ಒಲೆ ಒಂದು ಗಂಟೆ ಮೇಲೆ ಸ್ವಲ್ಪ. ಒಂದು ಚಿಕ್ಕ ಮನೇಲಿ 5 ಕೆಜಿ ತ್ಯಾಜ್ಯ ಎಲ್ಲಿ ಬರುತ್ತೆ ಹೇಳಿ, ಒಂದು ಕೆಜಿ ಬಂದ್ರೆ ಹೆಚ್ಚು. ಒಂದು ಕೆಜಿಗೆ ಹದಿನೈದು ಇಪ್ಪತ್ತು ನಿಮಿಷದ ಉರಿ. "ಮನೆ ಕಸದಿಂದ ಪೂರ್ತಿ ಅಡುಗೆ" ಅಂತ ಯಾರಾದ್ರೂ ಹೇಳಿದ್ರೆ ಈ ಗುಣಾಕಾರ ಒಂದ್ಸಲ ಮಾಡಿ ನೋಡಿ, ಅವರ ಮನೇಲಿ ಎಷ್ಟು ಊಟ ಬಿಸಾಕ್ತಾರೆ ಅಂತಾನೂ ಗೊತ್ತಾಗುತ್ತೆ. ಹಾಸ್ಟೆಲ್, ಕ್ಯಾಂಟೀನ್, ತರಕಾರಿ ಮಾರ್ಕೆಟ್ಟಿಗೆ ಇದು ನಿಜಕ್ಕೂ ಒಗ್ಗುತ್ತೆ, ಚಿಕ್ಕ ಸಂಸಾರಕ್ಕೆ ಇದು ಕಸ ಕರಗಿಸೋ ದಾರಿ, ಗ್ಯಾಸ್ ಅದರ ಜೊತೆ ಸಿಗೋ ಲಾಭ ಅಷ್ಟೇ.

ಟ್ಯಾಂಕಿಗೆ ಎಷ್ಟು ಹಾಕ್ಬೋದು ಅಂದ್ರೆ, ಬಿಸಿ ಮಾಡದ, ಮೋಟಾರಲ್ಲಿ ಕಲಕದ ಸಾದಾ ಡೈಜೆಸ್ಟರ್ ಆದ್ರೆ 1,000 ಲೀಟರ್ ಜಾಗಕ್ಕೆ ದಿನಕ್ಕೆ 5 ಕೆಜಿ ಮುಸುರೆ ಹತ್ರ ನಿಲ್ಲಿಸೋದು ಕ್ಷೇಮ, ಅದೂ ಟ್ಯಾಂಕ್ ಚೆನ್ನಾಗಿ ಪಳಗಿದ ಮೇಲೆ. ಹೊಸ ಟ್ಯಾಂಕಿಗೆ ಮೊದಲು ಸಗಣಿ ಬಗ್ಗಡ ತುಂಬಿ, ಹಚ್ಚಿದ್ರೆ ಉರಿಯೋ ಗ್ಯಾಸ್ ಬರೋವರೆಗೂ ಕಾಯಬೇಕು, ಆಮೇಲೆ ಮುಸುರೆನ ಚೂರುಪಾರಿಂದ ಶುರು ಮಾಡಿ ವಾರಗಟ್ಟಲೆ ಏರಿಸ್ತಾ ಹೋಗ್ಬೇಕು. ಇಲ್ಲಿ ತಾಳ್ಮೆ ತೋರಿಸದೋರೇ ಜಾಸ್ತಿ. ಮನೇಲಿ ಏನೋ ಕಾರ್ಯಕ್ರಮ ಆಯ್ತು, ಉಳಿದ ಊಟ ಬಕೆಟ್‌ಗಟ್ಟಲೆ ಇದೆ, ಹಾಕಿಬಿಡೋಣ ಜಾಸ್ತಿ ಗ್ಯಾಸ್ ಬರುತ್ತೆ ಅಂತ ಸುರಿದ್ರೆ ಎರಡು ದಿನ ನಿಜವಾಗ್ಲೂ ಜಾಸ್ತಿ ಬರುತ್ತೆ, ಡ್ರಮ್ ಮೇಲೇರುತ್ತೆ, ಎಲ್ರಿಗೂ ಖುಷಿ. ಆದ್ರೆ ಅದರಲ್ಲಿ ಬಹುಪಾಲು ಉರಿಯದ ಕಾರ್ಬನ್ ಡೈಆಕ್ಸೈಡ್.

ಅದನ್ನ ಒಲೆ ಹೇಳಿಬಿಡುತ್ತೆ. ಸರಿಯಾಗಿರೋ ಗ್ಯಾಸಿನ ಉರಿ ನೀಲಿ, ಗಿಡ್ಡ, ಬರ್ನರ್ ತೂತಿಗೆ ಅಂಟ್ಕೊಂಡು ನಿಂತಿರುತ್ತೆ, ಬೆಳಕಲ್ಲಿ ಕಾಣೋದೇ ಕಷ್ಟ, ಕೈ ಹತ್ರ ಹಿಡಿದು ನೋಡಿದ್ರೇ ಉರೀತಿದೆ ಅಂತ ಗೊತ್ತಾಗೋದು. ಒಳಗೆ ಆಸಿಡ್ ಏರ್ತಿದ್ದಂಗೆ ಉರಿ ಬರ್ನರ್ ಬಿಟ್ಟು ಒಂದೆಳೆ ಮೇಲೆ ತೇಲೋಕೆ ಶುರು ಮಾಡುತ್ತೆ, ಫಫ್ ಫಫ್ ಅಂತ ಸದ್ದು, ಪಾತ್ರೆ ಇಟ್ಟ ತಕ್ಷಣ ಆರಿಹೋಗುತ್ತೆ, ಕಡ್ಡಿ ಮೇಲೆ ಕಡ್ಡಿ ಗೀರಿದ್ರೂ ನಿಲ್ಲಲ್ಲ. ಅಷ್ಟೊತ್ತಿಗೂ ಹುಳಿ ಅಳೆಯೋ ಪಿಎಚ್ ಪೇಪರ್ ಹಾಕಿದ್ರೆ 7ರ ಆಸುಪಾಸಲ್ಲೇ, ಅಂದ್ರೆ ಹುಳಿ ಇಲ್ಲ ಅಂತಾನೇ ತೋರಿಸ್ತಿರುತ್ತೆ, ಯಾಕಂದ್ರೆ ಒಳಗಿರೋ ಬೈಕಾರ್ಬೊನೇಟ್ ಅನ್ನೋ ಕ್ಷಾರ ಆಸಿಡ್ಡನ್ನ ಮುಚ್ಚಿಡ್ತಾ ಇರುತ್ತೆ, ಅದು ಖಾಲಿಯಾದ ದಿನ ಪಿಎಚ್ ದಬಕ್ ಅಂತ ಬೀಳೋದು. ಹಾಗಾಗಿ ದೊಡ್ಡ ಪ್ಲಾಂಟ್‌ಗಳಲ್ಲಿ ಪಿಎಚ್ ಒಂದನ್ನೇ ನಂಬಲ್ಲ, ಆಸಿಡ್ಡಿಗೂ ಕ್ಷಾರಕ್ಕೂ ಇರೋ ಅನುಪಾತ ಅಳೀತಾರೆ, ಅದು 0.3-0.4 ದಾಟ್ತಿದ್ದಂಗೆ ಊಟ ಕಡಿಮೆ ಮಾಡ್ತಾರೆ. ನಮ್ಮಂಥೋರಿಗೆ ಆ ಟೆಸ್ಟ್ ಎಲ್ಲ ಯಾಕೆ, ಒಲೆ ಉರಿ ನೋಡಿ, ಔಟ್‌ಲೆಟ್ಟಿಂದ ಬರೋ ಬಗ್ಗಡ ಅಂದ್ರೆ ಸ್ಲರಿ ಮೂಸಿ ನೋಡಿ, ಹುಳಿ ವಾಸನೆ ಬಂತು ಅಂದ್ರೆ ಹಾಕೋದು ನಿಲ್ಸಿ.

ನಿಲ್ಸೋದೇ ಔಷಧಿ, ಇದನ್ನ ಎಷ್ಟು ಸಲ ಹೇಳಿದ್ರೂ ಸಾಲಲ್ಲ. ತಿನ್ನೋರಿಗೆ ಆಸಿಡ್ ಖಾಲಿ ಮಾಡೋಕೆ ಟೈಮ್ ಕೊಡ್ಬೇಕು, ಬೇಕಿದ್ರೆ ಒಂದಷ್ಟು ಹೊಸ ಸಗಣಿ, ಚೆನ್ನಾಗಿ ನಡೀತಿರೋ ಬೇರೆ ಟ್ಯಾಂಕಿನ ಸ್ಲರಿ ಸಿಕ್ರೆ ಇನ್ನೂ ಒಳ್ಳೇದು. ಕೆಲವರು ಸುಣ್ಣ ಸುರೀತಾರೆ, ಅದನ್ನ ಹುಷಾರಾಗಿ ಮಾಡ್ಬೇಕು, ಸುಣ್ಣ ಮೇಲಿರೋ ಕಾರ್ಬನ್ ಡೈಆಕ್ಸೈಡನ್ನೇ ಹೀರ್ಕೊಂಡು ಕಲ್ಲಾಗಿ ತಳ ಸೇರುತ್ತೆ, ಮುಚ್ಚಿದ ಟ್ಯಾಂಕಲ್ಲಿ ಒತ್ತಡ ಕುಸಿದು ಹೊರಗಿನ ಗಾಳಿ ಒಳಗೆ ಎಳ್ಕೊಳ್ಳೋ ಅಪಾಯ ಇರುತ್ತೆ. ಅಡುಗೆ ಸೋಡಾ ಆದ್ರೆ ಅಷ್ಟು ಹಠ ಮಾಡಲ್ಲ, ಆದ್ರೆ ಅದನ್ನೂ ದಿನಾ ಹಾಕ್ತಾ ಹೋದ್ರೆ ಸೋಡಿಯಂ ಜಾಸ್ತಿಯಾಗಿ ಅದೇ ಜೀವಿಗಳಿಗೆ ತೊಂದ್ರೆ.

ಇನ್ನು ಮುಸುರೆಲೂ ಎಲ್ಲ ಮುಸುರೆ ಒಂದೇ ಅಲ್ಲ. ಕಿತ್ತಳೆ, ನಿಂಬೆ ಜಾತಿ ಸಿಪ್ಪೆ ರಾಶಿ ಹಾಕ್ಬೇಡಿ, ಅದರ ಎಣ್ಣೆಲಿ ಇರೋ ಲಿಮೋನೀನ್ (limonene) ಸೂಕ್ಷ್ಮಜೀವಿಗಳನ್ನ ಕೊಲ್ಲೋ ಪದಾರ್ಥ, ಗಿಡ ಅದನ್ನ ಇಟ್ಕೊಂಡಿರೋದೇ ಅದಕ್ಕೆ. ಕರಿದ ಎಣ್ಣೆ ಲೆಕ್ಕದ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಗ್ಯಾಸ್ ಕೊಡೋ ವಸ್ತು, ಆದ್ರೆ ಒಂದೇ ಸಲ ಜಾಸ್ತಿ ಬಿದ್ರೆ ಮೇಲೆ ಜಿಡ್ಡಿನ ಕೆನೆ ಕಟ್ಟುತ್ತೆ, ಅದರ ಆಸಿಡ್‌ಗಳು ಜೀವಿಗಳ ಮೈಗೇ ಮೆತ್ಕೊಳ್ಳುತ್ತವೆ. ಮೂಳೆ, ಮೊಟ್ಟೆ ಚಿಪ್ಪು, ಮಣ್ಣು ಮೆತ್ತಿದ ಬೇರು ಎಲ್ಲ ತಳದಲ್ಲಿ ಕೂತು ಜಾಗ ತಿನ್ನುತ್ತೆ. ಬ್ಲೀಚ್, ಫಿನೈಲ್ ಬೆರೆತ ನೀರಂತೂ ಹತ್ರಾನೂ ಬರಬಾರ್ದು.

ಈಗ ಹೊಲದ ಕಡೆ. ಕೊಯ್ಲಾದ ಮೇಲೆ ಉಳಿಯೋ ಗೋಧಿ ಹುಲ್ಲು, ಭತ್ತದ ಹುಲ್ಲು, ಜೋಳದ ದಂಟು ನೋಡಿದ್ರೆ ಅಬ್ಬಾ ಎಷ್ಟು ಗ್ಯಾಸ್ ಅನ್ಸುತ್ತೆ, ಬೆಂಕಿ ಇಡೋ ಬದ್ಲು ಇದನ್ನ ಟ್ಯಾಂಕಿಗೆ ಹಾಕಿದ್ರೆ ಆಯ್ತಲ್ವಾ ಅಂತ. ಒಣ ತೂಕದಲ್ಲಿ ನೋಡಿದ್ರೆ ಅದ್ರಲ್ಲಿ ಗ್ಯಾಸ್ ಇರೋದು ನಿಜ, ಆದ್ರೆ ಅದು ಬೀಗ ಹಾಕಿದ ಪೆಟ್ಟಿಗೆ ಒಳಗಿದೆ. ಹುಲ್ಲಿನ ಸೆಲ್ಯುಲೋಸ್ ಅನ್ನೋ ನಾರಿನ ಸುತ್ತ ಲಿಗ್ನಿನ್ ಅನ್ನೋ ಗಟ್ಟಿ ಅಂಟು ಮೆತ್ತಿರುತ್ತೆ, ಗಾಳಿ ಇಲ್ಲದ ಜಾಗದಲ್ಲಿ ಲಿಗ್ನಿನ್ ಒಡೆಯೋರು ಹೆಚ್ಚುಕಮ್ಮಿ ಯಾರೂ ಇಲ್ಲ. ಕಟ್ಟಿಗೆ, ತೌಡು ಬೇರ್ಪಡಿಸಿದ ಭತ್ತದ ಹೊಟ್ಟು ಇವನ್ನ ಡೈಜೆಸ್ಟರಿಗೆ ಹಾಕೋದು ಬರೀ ಜಾಗ ದಂಡ, ಹೊಟ್ಟಲ್ಲಿ ಲಿಗ್ನಿನ್ ಜೊತೆ ಸಿಲಿಕಾನೂ ತುಂಬಿರುತ್ತೆ. ಹುಲ್ಲು ಅಷ್ಟು ಮೋಸ ಅಲ್ಲ, ಆದ್ರೆ ಉದ್ದುದ್ದ ಹಾಗೇ ತುರುಕಿದ್ರೆ ಅದು ನೀರಲ್ಲಿ ಮುಳುಗೋದೇ ಇಲ್ಲ, ಮೇಲೆ ತೇಲಿ ಚಾಪೆ ತರ ಹೆಣ್ಕೊಂಡು ಗಟ್ಟಿಯಾಗುತ್ತೆ, ಕೆಳಗಿನ ಗ್ಯಾಸ್ ಮೇಲೆ ಬರೋಕೇ ದಾರಿ ಇಲ್ಲ. ಆ ಚಾಪೆನ ಔಟ್‌ಲೆಟ್ಟಿಂದ ಕೋಲು ಹಾಕಿ ಎಳೆದು ತೆಗೆಯೋ ಕೆಲಸ ನೋಡಿದೋರು ಮತ್ತೆ ಹುಲ್ಲಿನ ಹೆಸರು ಎತ್ತಲ್ಲ.

ಅದಕ್ಕೆ ಕತ್ತರಿಸ್ಬೇಕು, ಒಂದೆರಡು ಸೆಂಟಿಮೀಟರ್ ಅಷ್ಟು ಚಿಕ್ಕದಾಗಿ, ಆಮೇಲೆ ನೆನೆಸ್ಬೇಕು. ನೀರಲ್ಲಿ ನೆನೆಸೋದಕ್ಕಿಂತ ಡೈಜೆಸ್ಟರಿಂದ ಹೊರಗೆ ಬಂದ ಸ್ಲರಿಲೇ ಕೆಲವು ದಿನ ನೆನೆಸಿ ಮುಚ್ಚಿಟ್ರೆ ಒಳ್ಳೇದು, ಅದರಲ್ಲಿ ಜೀವಿಗಳೂ ಇರ್ತವೆ, ಹುಲ್ಲಿಗೆ ಕಮ್ಮಿ ಇರೋ ನೈಟ್ರೋಜನ್ನೂ ಇರುತ್ತೆ, ಮೆತ್ತಗಾಗಿ ಭಾರವಾಗಿ ಮುಳುಗುತ್ತೆ. ದೊಡ್ಡ ಪ್ಲಾಂಟ್‌ಗಳಲ್ಲಿ ಹಬೆ ಒತ್ತಡ ಕೊಟ್ಟು ಸಿಡಿಸ್ತಾರೆ, ಕ್ಷಾರದಲ್ಲಿ ನೆನೆಸ್ತಾರೆ, ಅದೆಲ್ಲ ಖರ್ಚಿನ ಬಾಬ್ತು. ಹಸಿ ದಂಟು ಸೊಪ್ಪು ಆದ್ರೆ ಇನ್ನೊಂದು ದಾರಿ ಇದೆ, ಕತ್ತರಿಸಿ ಗಾಳಿ ಹೋಗದಂಗೆ ತುಳಿದು ಮುಚ್ಚಿದ್ರೆ ಲ್ಯಾಕ್ಟಿಕ್ ಆಸಿಡ್ ಹುಟ್ಟಿ ಪಿಎಚ್ 4ರ ಹತ್ರ ಇಳಿದು ಕೊಳೆಯದೆ ತಿಂಗಳಾನುಗಟ್ಟಲೆ ಕೂತಿರುತ್ತೆ, ಸೈಲೇಜ್ ಅಂತ ದನಕ್ಕೆ ಮಾಡ್ತಾರಲ್ಲ ಅದೇ. ಹೊಲದ ತ್ಯಾಜ್ಯದ ದೊಡ್ಡ ತಲೆನೋವೇ ವರ್ಷಕ್ಕೆ ಒಂದೋ ಎರಡೋ ಸಲ ರಾಶಿ ಬಂದು ಬೀಳೋದು, ಡೈಜೆಸ್ಟರಿಗೋ ದಿನಾ ಒಂದೇ ಅಳತೇಲಿ ಊಟ ಬೇಕು. ಹಾಗಾಗಿ ಕೂಡಿಡೋ ವ್ಯವಸ್ಥೆ ಇಲ್ಲದೆ ಬೆಳೆ ತ್ಯಾಜ್ಯದ ಪ್ಲಾಂಟ್ ಪ್ಲಾನ್ ಮಾಡೋದ್ರಲ್ಲಿ ಅರ್ಥ ಇಲ್ಲ ಅನ್ನೋದು ನನ್ನ ಅಭಿಪ್ರಾಯ.

ಎರಡನ್ನೂ ಸೇರಿಸಿ ಹಾಕೋ ವಿಚಾರ ಬರೋದು ಇಲ್ಲೇ. ಡೈಜೆಸ್ಟರಿಗೆ ಕಾರ್ಬನ್ ನೈಟ್ರೋಜನ್ ಅನುಪಾತ, ಅಂದ್ರೆ ಒಂದು ಪಾಲು ನೈಟ್ರೋಜನ್ನಿಗೆ ಎಷ್ಟು ಪಾಲು ಕಾರ್ಬನ್ ಅನ್ನೋದು, 20ರಿಂದ 30 ಇದ್ರೆ ಹಿತ. ಗೋಧಿ ಹುಲ್ಲಲ್ಲಿ ಅದು 80ರ ಆಸುಪಾಸು, ಪ್ರೋಟೀನ್ ಜಾಸ್ತಿ ಇರೋ ಊಟದ ತ್ಯಾಜ್ಯದಲ್ಲಿ 15ರ ಹತ್ರ ಇಳಿದಿರುತ್ತೆ. ಬರೀ ಹುಲ್ಲು ಹಾಕಿದ್ರೆ ಜೀವಿಗಳಿಗೆ ಮೈ ಬೆಳೆಸೋಕೆ ನೈಟ್ರೋಜನ್ ಇಲ್ಲ, ಬರೀ ಮುಸುರೆ ಹಾಕಿದ್ರೆ ನೈಟ್ರೋಜನ್ ಹೆಚ್ಚಾಗಿ ಅಮೋನಿಯಾ ಆಗಿ ವಿಷ. ಸೇರಿಸಿದ್ರೆ ಮುಸುರೆಯ ಅವಸರಕ್ಕೆ ಹುಲ್ಲು ಕಡಿವಾಣ ಹಾಕುತ್ತೆ, ಗ್ಯಾಸ್ ಒಂದೇ ಸಲ ಉಕ್ಕಿ ಬತ್ತೋ ಬದಲು ದಿನವಿಡೀ ಸಮ ಬರುತ್ತೆ. ಜೊತೆಗೆ ಸ್ವಲ್ಪ ಸಗಣಿ ಇದ್ರೆ ಇನ್ನೂ ನೆಮ್ಮದಿ, ಅದು ಗ್ಯಾಸ್ ಕಮ್ಮಿ ಕೊಟ್ರೂ ಕ್ಷಾರ ಕೊಡುತ್ತೆ, ದಿನಾ ಹೊಸ ಜೀವಿಗಳನ್ನ ತರುತ್ತೆ, ಕೋಬಾಲ್ಟ್ ನಿಕಲ್ ಸೆಲೇನಿಯಂ ತರದ ಧಾತುಗಳನ್ನ ಚಿಟಿಕೆಯಷ್ಟು ತರುತ್ತೆ. ಈ ಚಿಟಿಕೆ ವಿಷಯ ಸಣ್ಣದಲ್ಲ. ಬರೀ ಊಟದ ತ್ಯಾಜ್ಯದಲ್ಲಿ ನಡೆಯೋ ಪ್ಲಾಂಟ್‌ಗಳು ತಿಂಗಳುಗಟ್ಟಲೆ ಚೆನ್ನಾಗಿ ನಡೆದು ಆಮೇಲೆ ಕಾರಣ ಇಲ್ಲದೆ ಹುಳಿ ಹಿಡೀತಿದ್ವು, ಹುಡುಕಿದಾಗ ಸಿಕ್ಕಿದ್ದು ಸೆಲೇನಿಯಂ, ಕೋಬಾಲ್ಟ್ ಕೊರತೆ, ಅದನ್ನ ಹಾಕ್ತಿದ್ದಂಗೆ ಸರಿಹೋದ್ವು.

ತ್ಯಾಜ್ಯ ತ್ಯಾಜ್ಯ ಅಂತ ಹೇಳ್ತಿದೀನಲ್ಲ, ಎಲ್ಲ ಕಡೆ ತ್ಯಾಜ್ಯದಿಂದಾನೇ ಮಾಡ್ತಾರೆ ಅಂತೇನಿಲ್ಲ. ಜರ್ಮನಿಲಿ ಸಾವಿರಾರು ಪ್ಲಾಂಟ್‌ಗಳು ಎದ್ದಿದ್ದು ಸರ್ಕಾರ ಬಯೋಗ್ಯಾಸಿಂದ ಮಾಡಿದ ಕರೆಂಟಿಗೆ ಒಳ್ಳೇ ರೇಟ್ ಕೊಟ್ಟಿದ್ರಿಂದ, ರೈತರು ಗ್ಯಾಸಿಗೋಸ್ಕರಾನೇ ಮೆಕ್ಕೆಜೋಳ ಬೆಳೆಯೋಕೆ ಶುರು ಮಾಡಿದ್ರು, ಕಣ್ಣು ಹಾಯಿಸಿದಷ್ಟೂ ಅದೇ ಬೆಳೆ, ಜನ ಗಲಾಟೆ ಮಾಡಿದ್ರು, ಕೊನೆಗೆ 2012ರ ಕಾನೂನಲ್ಲಿ ಹೊಸ ಪ್ಲಾಂಟಿಗೆ ಮೆಕ್ಕೆಜೋಳ ಮತ್ತೆ ಧಾನ್ಯ ತೂಕದಲ್ಲಿ 60%ಗಿಂತ ಜಾಸ್ತಿ ಇರಬಾರ್ದು ಅಂತ ಮಿತಿ ಹಾಕಿದ್ರು. ನನಗಂತೂ ನೆಲದ ಮೇಲೆ ಗ್ಯಾಸಿಗೋಸ್ಕರ ಬೆಳೆ ಬೆಳೆಯೋದು ಒಪ್ಪಿಗೆ ಇಲ್ಲ, ಬಿಸಾಕೋ ವಸ್ತು ಇಷ್ಟಿರುವಾಗ.

ಚಳಿ ಬಗ್ಗೆ ಎರಡೇ ಮಾತು. 35ರಿಂದ 38 ಡಿಗ್ರಿಲಿ ಈ ಜೀವಿಗಳು ಚುರುಕು, 15ಕ್ಕಿಂತ ಕೆಳಗೆ ಇಳಿದ್ರೆ ಹೆಚ್ಚುಕಮ್ಮಿ ನಿದ್ದೆ. ಟ್ಯಾಂಕ್ ತಣ್ಣಗಾದಾಗ ಊಟಾನೂ ಕಮ್ಮಿ ಮಾಡಿ.

ಗ್ಯಾಸ್ ಬಂದ ಮೇಲಿನ ಕಥೆ. ಬಯೋಗ್ಯಾಸಲ್ಲಿ ಮೀಥೇನ್ 50ರಿಂದ 70%, ಉಳಿದಿದ್ದು ಕಾರ್ಬನ್ ಡೈಆಕ್ಸೈಡ್, ನೀರಾವಿ, ಒಂಚೂರು ಹೈಡ್ರೋಜನ್ ಸಲ್ಫೈಡ್. ನೀರಾವಿ ಪೈಪಲ್ಲಿ ತಣ್ಣಗಾಗಿ ಹನಿಯಾಗುತ್ತೆ, ಪೈಪ್ ಎಲ್ಲಿ ಜೋತು ಬಿದ್ದಿದೆಯೋ ಅಲ್ಲಿ ನಿಲ್ಲುತ್ತೆ, ಆಗ ಒಲೆ ಉರಿ ಉಸಿರಾಡಿದಂಗೆ ಏರಿ ಇಳಿಯುತ್ತೆ, ಗುಳುಗುಳು ಸದ್ದೂ ಬರುತ್ತೆ. ಪೈಪಿನ ಅತಿ ತಗ್ಗಿನ ಜಾಗದಲ್ಲಿ ಒಂದು ನಲ್ಲಿ ಇಟ್ಟು ಆಗಾಗ ನೀರು ಬಿಟ್ರೆ ಮುಗೀತು. ಎಲ್‌ಪಿಜಿ ಒಲೆನ ಹಾಗೇ ಜೋಡಿಸಿದ್ರೆ ಉರಿ ಸಾಲಲ್ಲ, ಬಯೋಗ್ಯಾಸಲ್ಲಿ ಘನ ಮೀಟರಿಗೆ 21-22 ಮೆಗಾಜೂಲ್ ಶಾಖ, ಎಲ್‌ಪಿಜಿ ಆವಿಲಿ ಅದು 90 ದಾಟುತ್ತೆ, ಒತ್ತಡಾನೂ ಇಲ್ಲಿ ಕಮ್ಮಿ, ಹಾಗಾಗಿ ಒಲೆಗೆ ಗ್ಯಾಸ್ ಚಿಮ್ಮೋ ಜೆಟ್ ತೂತು ದೊಡ್ಡದು ಮಾಡ್ಬೇಕು ಅಥವಾ ಬಯೋಗ್ಯಾಸ್ ಒಲೆನೇ ತಗೋಬೇಕು.

ಸಿಲಿಂಡರಿಗೆ ತುಂಬಿಸ್ಕೊಳ್ಬೋದಾ ಅನ್ನೋರಿಗೆ ಉತ್ತರ, ಮನೇಲಿ ಆಗಲ್ಲ. ಎಲ್‌ಪಿಜಿ ಸ್ವಲ್ಪ ಒತ್ತಿದ್ರೆ ದ್ರವ ಆಗುತ್ತೆ, ಮೀಥೇನ್ ಮೈನಸ್ 82 ಡಿಗ್ರಿಗಿಂತ ಕೆಳಗೆ ಹೋಗದೆ ಎಷ್ಟು ಒತ್ತಿದ್ರೂ ದ್ರವ ಆಗೋದೇ ಇಲ್ಲ. ಗಾಡಿಗೆ ತುಂಬೋ ಬಯೋಗ್ಯಾಸ್ ಅಂದ್ರೆ ಮೊದಲು ಕಾರ್ಬನ್ ಡೈಆಕ್ಸೈಡ್, ಸಲ್ಫೈಡ್ ತೆಗೆದು ಶುದ್ಧ ಮಾಡಿ ಆಮೇಲೆ 200 ಬಾರ್ ಮೇಲೆ ಒತ್ತಿ ತುಂಬಿದ್ದು, ಅದು ಫ್ಯಾಕ್ಟರಿ ಕೆಲಸ. ಕಂಪ್ರೆಸರ್ ತಂದು ಹಳೇ ಸಿಲಿಂಡರಿಗೆ ತುಂಬೋ ವಿಡಿಯೋಗಳನ್ನ ನೋಡಿ ದಯವಿಟ್ಟು ಯಾರೂ ಟ್ರೈ ಮಾಡ್ಬೇಡಿ.

ಸಲ್ಫೈಡ್ ಬಗ್ಗೆ ಮಾತ್ರ ತಮಾಷೆ ಇಲ್ಲ. ಕಮ್ಮಿ ಇದ್ದಾಗ ಕೊಳೆತ ಮೊಟ್ಟೆ ವಾಸನೆ, ಜಾಸ್ತಿಯಾದಾಗ ಮೂಗಿನ ಶಕ್ತಿನೇ ಸತ್ತುಹೋಗಿ ವಾಸನೆ ಇಲ್ಲ ಅನ್ಸುತ್ತೆ, ಅಷ್ಟೊತ್ತಿಗೆ ಎಚ್ಚರ ತಪ್ಪಿರುತ್ತೆ. ಖಾಲಿ ಮಾಡಿದ ಟ್ಯಾಂಕ್ ಆದ್ರೂ ಒಳಗೆ ಇಳೀಬೇಡಿ, ಬಿದ್ದವರನ್ನ ಎತ್ತೋಕೆ ಇಳಿದೋರೂ ಸಾಯೋದು ಇಂಥ ಗುಂಡಿಗಳಲ್ಲೇ. ಒಲೆಗೆ ಹೋಗೋ ಪೈಪಲ್ಲಿ ತುಕ್ಕು ಹಿಡಿದ ಕಬ್ಬಿಣದ ಚೂರು ತುಂಬಿದ ಡಬ್ಬ ಇಟ್ರೆ ಸಲ್ಫೈಡ್ ಅದಕ್ಕೆ ಅಂಟ್ಕೊಳ್ಳುತ್ತೆ, ಆದ್ರೆ ಆ ಚೂರನ್ನ ಹೊರಗೆ ತೆಗೆದಾಗ ಗಾಳಿ ತಾಗಿ ಬಿಸಿ ಏರುತ್ತೆ, ನೀರು ಚಿಮುಕಿಸಿ ಬಯಲಲ್ಲಿ ಹರಡಿ. ಹೊಸ ಟ್ಯಾಂಕಿನ ಮೊದಲ ಗ್ಯಾಸನ್ನ ಹಾಗೇ ಬಯಲಿಗೆ ಬಿಟ್ಬಿಡಿ, ಅದರಲ್ಲಿ ಗಾಳಿ ಬೆರೆತಿರುತ್ತೆ, ಗಾಳಿಲಿ 5ರಿಂದ 15% ಮೀಥೇನ್ ಇದ್ರೆ ಅದು ಸಿಡಿಯೋ ಮಿಶ್ರಣ.

ಕೊನೇಲಿ ಸ್ಲರಿ. ಗ್ಯಾಸಾಗಿ ಹೊರಟಿದ್ದು ಮುಖ್ಯವಾಗಿ ಕಾರ್ಬನ್, ಹೈಡ್ರೋಜನ್, ಆಕ್ಸಿಜನ್. ನೈಟ್ರೋಜನ್ ರಂಜಕ ಪೊಟ್ಯಾಷ್ ಎಲ್ಲ ಬಗ್ಗಡದಲ್ಲೇ ಇದೆ. ಹುಲ್ಲು ಸುಟ್ರೆ ನೈಟ್ರೋಜನ್ ಬಹುಪಾಲು ಹೊಗೆ ಜೊತೆ ಹೋಗುತ್ತೆ, ಇಲ್ಲಿ ಅದು ಅಮೋನಿಯಂ ರೂಪಕ್ಕೆ ತಿರುಗಿ ಬೇರಿಗೆ ಬೇಗ ಸಿಗೋ ಹಂಗಾಗಿರುತ್ತೆ. ಅದೇ ಕಾರಣಕ್ಕೆ ಬಿಸಿಲಲ್ಲಿ ಹರಡಿ ಒಣಗಿಸಿದ್ರೆ ಅಮೋನಿಯಾ ಹಾರಿಹೋಗುತ್ತೆ, ತಂಪು ಹೊತ್ತಲ್ಲಿ ಹಾಕಿ ತಕ್ಷಣ ಮಣ್ಣು ಮುಚ್ಚಿದ್ರೆ ನಷ್ಟ ಕಮ್ಮಿ. ಸ್ಲರಿ ಗುಂಡಿ ತೆರೆದಿಟ್ರೆ ಅಲ್ಲೂ ಮೀಥೇನ್ ಬರ್ತಾನೇ ಇರುತ್ತೆ, ಜೀರ್ಣ ಆಗದೆ ಉಳಿದಿದ್ದು ಅಲ್ಲೇ ಮುಂದುವರಿಯುತ್ತೆ. ಮೀಥೇನ್ 20 ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡಿಗಿಂತ 80 ಪಟ್ಟು ಹತ್ರ ಬಿಸಿ ಏರಿಸೋ ಗ್ಯಾಸ್, ಸೋರೋ ಡೈಜೆಸ್ಟರ್ ಇಟ್ಕೊಂಡು ಪರಿಸರಕ್ಕೆ ಉಪಕಾರ ಮಾಡ್ತಿದೀನಿ ಅನ್ನೋದು ಬರೀ ಮಾತು. ಸೋಪಿನ ನೀರು ಬ್ರಷ್ಷಲ್ಲಿ ಅದ್ದಿ ಪ್ರತಿ ಜಾಯಿಂಟಿಗೂ ಹಚ್ಚಿ ನೋಡಿ, ಗುಳ್ಳೆ ಎದ್ರೆ ಅಲ್ಲಿ ಸೋರ್ತಿದೆ. ಹೆಚ್ಚಾಗಿ ಸಿಗೋದು ಡೋಮಿನ ಕುತ್ತಿಗೆಲಿ ಮತ್ತೆ ಮೊದಲ ವಾಲ್ವಲ್ಲಿ.